ಹಂಚು ಗಟ್ಟಿ, ರೀಪು ಟೊಳ್ಳು

ಅಮೆರಿಕದ ಮನೆಗಳ ಡಾಂಬರು ಹಾಳೆಯ ಚಾವಣಿ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ವರ್ಷ ಬಾಳುತ್ತದೆ. ಹಾಳೆಯ ಮೇಲಿನ ಹರಳು ಉದುರಿ, ಅಂಚು ಸುರುಟಿಕೊಂಡರೆ ಕಿತ್ತು ಹೊಸದು ಹೊದಿಸಬೇಕು. ಕನ್ನಡ ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ತಮಿಳುನಾಡಿನ ದಿಂಡಿಗಲ್, ತೇನಿ ಸೀಮೆಯಲ್ಲಿ ಚಾವಣಿಯ ಲೆಕ್ಕವೇ ಬೇರೆ.

ಒಡ್ಡನ್‌ಛತ್ರಂ ಕಡೆಯ ಹಳೆಯ ಮನೆಗಳಿಗೆ ಮೊದಲು ಇದ್ದದ್ದು ಕುಂಬಾರರ ನಾಡಹಂಚು. ಕೋತಿ ಓಡಿದರೆ ಸರಿಯುತ್ತದೆ, ಮಳೆಗಾಲಕ್ಕೆ ಮುಂಚೆ ಕೈಯಾಡಿಸಲೇಬೇಕು. ಇದಕ್ಕೆ ಎದುರಾಳಿ ಹುಟ್ಟಿದ್ದು ಮಂಗಳೂರಿನಲ್ಲಿ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಚಪ್ಪಟೆ ಹಂಚು ಹಡಗು, ರೈಲು ಹತ್ತಿ ದೂರದೂರದ ಊರು ಸೇರಿತು.

ಚೆನ್ನಾಗಿ ಸುಟ್ಟ ಮಂಗಳೂರು ಹಂಚು ಐವತ್ತು ವರ್ಷ ಸಲೀಸಾಗಿ ಬಾಳುತ್ತದೆ. ನೂರು ದಾಟಿದ್ದೂ ಉಂಟು. ಬೆರಳಿನ ಗೆಣ್ಣಿಂದ ತಟ್ಟಿದರೆ ಠಣ್ ಎನ್ನಬೇಕು. ಮೊದ್ದು ಸದ್ದು ಬಂದರೆ ಒಳಗೆ ಸೀಳಿದೆ ಎಂದೇ ಅರ್ಥ. ಪದರ ಎದ್ದು ಪುಡಿ ಉದುರಿದರೂ ಅದನ್ನು ಬದಲಿಸಬೇಕು, ಅದೊಂದನ್ನೇ.

ನಿಜವಾದ ಶತ್ರು ಹಂಚಿನ ಕೆಳಗಿರುತ್ತಾನೆ. ನಾಲ್ಕು ಹಂಚು ಎತ್ತಿ, ಅವನ್ನು ಹೊತ್ತ ಮರದ ರೀಪಿಗೆ ಚಾಕು ಚುಚ್ಚಿ ನೋಡಿ: ಮೊನೆ ಸಲೀಸಾಗಿ ಇಳಿದರೆ ಗೆದ್ದಲು ಒಳಹೊಕ್ಕಿದೆ. ಆಗ ಹಂಚನ್ನೆಲ್ಲ ಇಳಿಸಿ, ಮರ ಬದಲಿಸಿ, ಅದೇ ಹಂಚನ್ನು ಮತ್ತೆ ಹೊದಿಸುತ್ತಾರೆ. ಡಾಂಬರು ಹಾಳೆಗೆ ಈ ಎರಡನೇ ಜನ್ಮವಿಲ್ಲ. ಈ ಸೀಮೆಯಲ್ಲಿ ಜೋರು ಮಳೆ ಬರುವುದು ತಮಿಳು ತಿಂಗಳಾದ ಐಪ್ಪಸಿಯ ಹಿಂಗಾರಿನಲ್ಲಿ; ಹಾಗಾಗಿ ಅದರ ಹಿಂದಿನ ತಿಂಗಳು ಪುರಟ್ಟಾಸಿ ಮುಗಿಯುವುದರೊಳಗೆ ಕೆಲಸ ಮುಗಿಸಿದವರೇ ಜಾಣರು.