ನಮ್ಮ ಶಾಲೆಯ ಹಂಚಿನ ಮಾಡು

ಕಾಸರಗೋಡಿನ ಹಳೆಯ ಕನ್ನಡ ಶಾಲೆಗಳಲ್ಲಿ ಕಲಿತವರಿಗೆ ಹಂಚಿನ ಮಾಡು ನೆನಪಿರಲೇಬೇಕು. ಪಾಠದ ನಡುವೆ ತಲೆಯೆತ್ತಿದರೆ ಪಕ್ಕಾಸು, ರೀಪು, ಕೆಂಪು ಹಂಚಿನ ಸಾಲು. ನಡುವೆ ಒಂದೆರಡು ಗಾಜಿನ ಹಂಚು. ಅದರಿಂದಿಳಿದ ಬಿಸಿಲಿನ ತುಂಡು ಬೆಂಚಿನಿಂದ ಬೆಂಚಿಗೆ ಸರಿಯುವುದನ್ನು ನೋಡಿಯೇ ನಾವು ಊಟದ ಗಂಟೆಯನ್ನು ಅಂದಾಜು ಮಾಡುತ್ತಿದ್ದೆವು.

ಈ ಹಂಚಿನ ಚರಿತ್ರೆ ನಮಗೆ ಹೊರಗಿನದಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಲು ನೇಯ್ಗೆ, ಮುದ್ರಣ ಮೊದಲಾದುವನ್ನು ಆರಂಭಿಸಿತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಮಾದರಿಯನ್ನು ಫ್ರಾನ್ಸಿನ ಗಿಲಾರ್ಡೋನಿ ಸೋದರರು 1841ರಲ್ಲೇ ರೂಪಿಸಿದ್ದರು. ಮಣ್ಣು ಮಾತ್ರ ನಮ್ಮ ಹೊಳೆಬದಿಯದು. ಮುಳಿಹುಲ್ಲು, ಮಡಲು ಹೊದೆಸಿದ ಮಾಡನ್ನು ಆಗಾಗ ಹೊಸತು ಮಾಡಬೇಕಿತ್ತು, ಬೆಂಕಿಯ ಭಯವೂ ಇತ್ತು. ಹಂಚು ಬಂದ ಮೇಲೆ ಅವೆರಡೂ ತಪ್ಪಿದವು.

ಕರೆಂಟಿಲ್ಲದ ಕಾಲದ ಕಟ್ಟಡವಾದ್ದರಿಂದ ಗಾಳಿ ಬೆಳಕಿನ ವ್ಯವಸ್ಥೆ ಕಟ್ಟಡದಲ್ಲೇ ಇರಬೇಕಿತ್ತು. ಬಿಸಿಗಾಳಿ ಮೇಲೇರಿ ಹಂಚಿನ ಸಂದುಗಳಿಂದ ಹೊರಹೋಗುತ್ತದೆ. ಇಳಿಜಾರು ಮಾಡು ಮಳೆನೀರನ್ನು ನಿಲ್ಲಗೊಡುವುದಿಲ್ಲ. ಮುಂದಕ್ಕೆ ಚಾಚಿದ ಸೂರು ಮತ್ತು ಜಗಲಿ ಕೆಂಪುಕಲ್ಲಿನ ಗೋಡೆಯನ್ನು ಬಿಸಿಲು, ಎರಚಲುಗಳಿಂದ ಕಾಯುತ್ತವೆ. ಏಪ್ರಿಲಿನ ಮಧ್ಯಾಹ್ನ ಹಂಚು ಕಾದು ಸೆಕೆಯಾಗುವುದೂ ನಿಜ, ಮಳೆಗಾಲದಲ್ಲಿ ಸೋರುವುದೂ ನಿಜ. ಹಂಚಿನ ಹೊಗಳಿಕೆಯಲ್ಲಿ ಇದನ್ನು ಮುಚ್ಚಿಡಬಾರದು.

ನಮ್ಮ ಶಾಲೆಯಲ್ಲಿ ನಾವೇ ಒಂದು ತಪ್ಪು ಮಾಡಿದೆವು. ಕಸ, ಹಕ್ಕಿಹಿಕ್ಕೆ ಬೀಳುತ್ತದೆಂದು ಒಂದು ತರಗತಿಗೆ ಪ್ಲಾಸ್ಟಿಕ್ ಹಲಗೆಯ ಸೀಲಿಂಗ್ ಹಾಕಿಸಿದೆವು. ಕಸ ನಿಂತಿತು, ಗಾಜಿನ ಹಂಚಿನ ಬೆಳಕೂ ನಿಂತಿತು. ಹಗಲಲ್ಲೂ ನಾಲ್ಕು ಟ್ಯೂಬ್‌ಲೈಟ್ ಉರಿಯಬೇಕಾಯಿತು. ಏಳನೆಯ ತರಗತಿಯ ಮಕ್ಕಳೇ ಲೆಕ್ಕ ಮಾಡಿದರು: 40 ವ್ಯಾಟಿನ ನಾಲ್ಕು, ದಿನಕ್ಕೆ ಆರು ಗಂಟೆ, ಅಂದರೆ ಹತ್ತಿರ ಹತ್ತಿರ ಒಂದು ಯೂನಿಟ್. ಚೋಕಿನ ಖರ್ಚು ಬೇರೆ. ಇನ್ನೂರು ದಿನಕ್ಕೆ ಎಷ್ಟೆಂದು ಓದುಗರೇ ಗುಣಿಸಿಕೊಳ್ಳಲಿ.

ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಮಾಡನ್ನೇ ಕೆಡವಿ ಕಾಂಕ್ರೀಟ್ ಹಾಕೋಣವೆಂಬ ಮಾತು ಬಂತು. ವಾದವಾಯಿತು. ಕೊನೆಗೆ ಒಂದು ವರ್ಷ ನೋಡೋಣವೆಂದು ಒಪ್ಪಿದರು. ಸೀಲಿಂಗ್ ತೆಗೆಸಿದೆವು. ಪಾಚಿ ಹಿಡಿದ ಗಾಜಿನ ಹಂಚು ತೊಳೆಸಿದೆವು, ಹಕ್ಕಿ ನುಗ್ಗುವಲ್ಲಿ ಬಲೆ ಕಟ್ಟಿದೆವು. ಗೆದ್ದಲು ತಿಂದ ಪಕ್ಕಾಸು ಮಾತ್ರ ಬದಲಿಸಿ, ಗಟ್ಟಿ ಇದ್ದುದನ್ನು ಉಳಿಸಿದೆವು. 75 ವ್ಯಾಟಿನ ಫ್ಯಾನುಗಳ ಬದಲು 30 ವ್ಯಾಟಿನ ಆಸುಪಾಸಿನ ಹೊಸ ಬಗೆಯವು, ಟ್ಯೂಬಿನ ಜಾಗಕ್ಕೆ ಎಲ್‌ಇಡಿ. ವಯರಿಂಗಿಗಾಗಿ ಗೋಡೆ ಕೊರೆಯಲಿಲ್ಲ, ಪೈಪನ್ನು ಮೇಲಿಂದಲೇ ಎಳೆದೆವು. ನಾಳೆ ತೆಗೆದರೂ ಗೋಡೆಗೆ ಗಾಯವಿಲ್ಲ. ಈಗ ಮೋಡ ಕವಿದ ದಿನ ಮಾತ್ರ ದೀಪ ಬೇಕಾಗುತ್ತದೆ.

ಹಿಂದೆಂದೋ ಸಿಮೆಂಟ್ ಸಾರಣೆ ಮಾಡಿದ ಒಂದು ಗೋಡೆ ಜೂನ್ ಬಂದರೆ ಇನ್ನೂ ಒದ್ದೆಯಾಗಿ ಹುಡಿ ಉದುರಿಸುತ್ತದೆ. ಒಳಗಿನ ತೇವ ಹೊರಬರಲು ಸಿಮೆಂಟ್ ಬಿಡುವುದಿಲ್ಲ, ಸುಣ್ಣದ ಗಾರೆ ಬಿಡುತ್ತದೆ. ಅದನ್ನು ಕೆತ್ತಿಸಿ ಸುಣ್ಣ ಹಾಕಿಸಬೇಕು. ಆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು ಬೇಸಿಗೆ ರಜೆಯಲ್ಲಿ ಬರುತ್ತೇನೆಂದಿದ್ದಾರೆ.

ಒಡೆದ ಹಂಚಿಗೆ ಅದೇ ಅಳತೆಯದು ಸಿಗುವುದು ಕಷ್ಟವಾಗಿದೆ. ಊರಲ್ಲಿ ಯಾರಾದರೂ ಹಳೆಯ ಮನೆ ಬಿಚ್ಚುವುದಿದ್ದರೆ ಹಂಚನ್ನು ಎಸೆಯಬೇಡಿ, ಶಾಲೆಗೆ ಹೇಳಿ ಕಳುಹಿಸಿ. ನಾವೇ ಬಂದು ಹೊತ್ತುಕೊಂಡು ಹೋಗುತ್ತೇವೆ.