ರಂಪಣಿ: ಕಡಲಿನ ಬಳಕೆ ಮತ್ತು ಸಮುದಾಯದ ಕಟ್ಟುಪಾಡು

ಕಡಲಗಾಳಿಯೂ ಸುಳಿಯದ ಬೆಂಗಳೂರಿನ ಹೆಬ್ಬಾಳಕ್ಕೂ ಕರಾವಳಿಯ ಮೀನುಗಾರಿಕೆಗೂ ಇರುವ ನಂಟು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಹೆಬ್ಬಾಳದಲ್ಲಿ ನೆಲೆಗೊಂಡಿದ್ದ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿಯೇ 1969ರಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜು ಆರಂಭವಾಯಿತು. ಮೀನು ವಿಶ್ವವಿದ್ಯಾಲಯದ ಪಠ್ಯವಾದ ಈ ಕಾಲಘಟ್ಟದಲ್ಲಿಯೇ, ಬರವಣಿಗೆಯ ಹಂಗಿಲ್ಲದೆ ತಲೆಮಾರುಗಳಿಂದ ಬೆಳೆದುಬಂದಿದ್ದ ಇನ್ನೊಂದು ಕಡಲವಿದ್ಯೆ ತೆರೆಮರೆಗೆ ಸರಿಯತೊಡಗಿದ್ದು ಗಮನಾರ್ಹ. ಅದು ರಂಪಣಿಯ ವಿದ್ಯೆ.

ರಂಪಣಿ ಎಂದರೆ ದಡದಿಂದ ಎಳೆಯುವ ಬೃಹತ್ ಬಲೆ. ಗೋವೆಯಲ್ಲಿಯೂ ಇದೇ ಹೆಸರಿನ ಬಲೆಯಿದ್ದು, ಅದನ್ನು ಎಳೆಯುವವರನ್ನು ಕೊಂಕಣಿಯಲ್ಲಿ ರಾಂಪಣಕಾರರೆಂದು ಕರೆಯುತ್ತಾರೆ. ಈ ಬಲೆ ಒಬ್ಬನ ಆಸ್ತಿಯಾಗಿರಲಿಲ್ಲ. ಪ್ರತಿಯೊಬ್ಬ ಪಾಲುದಾರನೂ ತನ್ನ ಮನೆಯಿಂದ ತಂದ ಬಲೆಯ ತುಂಡುಗಳನ್ನು ಒಂದಕ್ಕೊಂದು ಹೊಲಿದು ಜೋಡಿಸಿದಾಗಲೇ ಅದು ರಂಪಣಿಯೆನಿಸುತ್ತಿತ್ತು. ನೀರಿನ ಬಣ್ಣ ಬದಲಾಗುವುದನ್ನೂ ಹಕ್ಕಿಗಳು ಎರಗುವುದನ್ನೂ ದಡದಿಂದಲೇ ಗಮನಿಸಿ ಬಂಗುಡೆ ಇಲ್ಲವೆ ಬೂತಾಯಿಯ ಹಿಂಡನ್ನು ಗುರುತಿಸುತ್ತಿದ್ದರು. ದೋಣಿಯು ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಹೋಗಿ ದಡಕ್ಕೆ ಮರಳಿದ ಮೇಲೆ ಎರಡೂ ತುದಿಗಳ ಹಗ್ಗವನ್ನು ಹತ್ತಾರು ಮಂದಿ ಹಿಡಿದೆಳೆಯುತ್ತಿದ್ದರು. ಹಿಂಡು ದೊಡ್ಡದಿದ್ದಲ್ಲಿ ಬಲೆಯನ್ನು ನೀರಿನಲ್ಲಿಯೇ ನಿಲ್ಲಿಸಿ, ಕೈರಂಪಣಿಯಂತಹ ಸಣ್ಣ ಬಲೆಗಳಿಂದ ಬೇಕಾದಷ್ಟು ಮೀನನ್ನು ಬೇಕಾದಾಗ ತೆಗೆಯುವ ಕ್ರಮವಿತ್ತು. ಮಂಜುಗಡ್ಡೆಯ ಕಾರ್ಖಾನೆಗಳಿಲ್ಲದ ಕಾಲಕ್ಕೆ ಕಡಲೇ ಉಗ್ರಾಣ. ಬಂದ ಮೀನಿನ ಪಾಲು ಬಲೆಯ ತುಂಡಿಗೆ, ದುಡಿಮೆಗೆ, ದೋಣಿಗೆ ಎಂದು ಹಂಚಿಹೋಗುತ್ತಿತ್ತು. ಪಾಲಿನ ತಕರಾರು ಬಂದರೆ ಮೊಗವೀರರ ಗುರಿಕಾರರ ಮಾತೇ ಕೊನೆಯದು.

ಈ ವ್ಯವಸ್ಥೆಯ ಹಿಂದೆ ನಂಬಿಕೆಯ ಜಗತ್ತೊಂದಿದೆ. ಮೊಗವೀರರು ನಂಬುವ ಬೊಬ್ಬರ್ಯನು ಮುಸ್ಲಿಂ ವರ್ತಕನೊಬ್ಬನ ಮಗನೆಂದು ಪಾಡ್ದನ ಪರಂಪರೆ ಹೇಳುತ್ತದೆ. ಕಡಲು ಜಾತಿ ಕೇಳುವುದಿಲ್ಲವೆಂಬ ಅನುಭವವೇ ಇಲ್ಲಿ ದೈವದ ರೂಪ ತಾಳಿದಂತಿದೆ. ಶ್ರಾವಣದ ನೂಲಹುಣ್ಣಿಮೆಯಂದು ಹಾಲು, ತೆಂಗಿನಕಾಯಿ, ಹೂವುಗಳನ್ನು ಅರ್ಪಿಸಿ ಸಮುದ್ರಪೂಜೆ ನಡೆಸಿದ ಬಳಿಕವೇ ಕಡಲಿಗಿಳಿಯುವುದು ವಾಡಿಕೆ. ಅಬ್ಬರದ ಮಳೆಗಾಲದಲ್ಲಿ ದೋಣಿ ಇಳಿಸಲಾಗದೆಂಬುದು ಇದಕ್ಕೆ ನೇರ ಕಾರಣ. ಆದರೆ ಬೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲವೂ ಇದೇ ಆಗಿರುವುದರಿಂದ, ಮನುಷ್ಯನ ಭಯ ಮೀನಿನ ಸಂತತಿಗೆ ರಕ್ಷೆಯಾಗಿ ಪರಿಣಮಿಸಿತು. ಇದನ್ನು ಪೂರ್ವಿಕರ ಪರಿಸರಪ್ರಜ್ಞೆಯೆಂದು ವೈಭವೀಕರಿಸುವ ಬರಹಗಳು ಸಾಕಷ್ಟಿವೆ. ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ರಂಪಣಿಯೂ ಮರಿಮೀನನ್ನು ಬಿಡುತ್ತಿರಲಿಲ್ಲ. ಹೆಚ್ಚಾದ ಬೂತಾಯಿ ತೆಂಗಿನ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಅದರ ನಿಜವಾದ ಮಿತಿ ಇದ್ದುದು ಹಗ್ಗದ ಉದ್ದದಲ್ಲಿ: ದಡಕ್ಕೆ ಬಂದ ಹಿಂಡನ್ನಷ್ಟೇ ಅದು ಹಿಡಿಯಬಲ್ಲುದಾಗಿತ್ತು, ಹಿಂಡನ್ನು ಬೆನ್ನಟ್ಟಿ ಹೋಗಲಾರದಾಗಿತ್ತು.

ಬೆನ್ನಟ್ಟುವ ಬಲೆ ಬಂದದ್ದು 1970ರ ದಶಕದ ನಡುವಿನಲ್ಲಿ. ಯಂತ್ರದೋಣಿಗೆ ಕಟ್ಟಿದ ಪರ್ಸೀನ್ ಬಲೆಯು ಹಿಂಡು ದಡ ಸೇರುವ ಮೊದಲೇ ಅದನ್ನು ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ಕೆಳಗಿನಿಂದ ಮುಚ್ಚುತ್ತಿತ್ತು. ಕೆಲವೇ ವರ್ಷಗಳಲ್ಲಿ ಇವುಗಳ ಸಂಖ್ಯೆ ನೂರಾರಾಯಿತು. ರಂಪಣಿಯವರು ಬರಿಗಡಲನ್ನು ನೋಡುತ್ತ ಕೂರಬೇಕಾಯಿತು. ಕರಾವಳಿಯಲ್ಲಿ ಸಂಘರ್ಷಗಳು ನಡೆದವು. ಆದರೆ ಇದನ್ನು ಸಂಪ್ರದಾಯ ಮತ್ತು ಯಂತ್ರದ ನಡುವಿನ ಸರಳ ಕದನವೆಂದು ಚಿತ್ರಿಸುವುದು ತಪ್ಪಾದೀತು. ರಂಪಣಿಯ ಪಾಲುದಾರರಲ್ಲಿ ಅನೇಕರು ಗುಂಪುಗೂಡಿ ತಾವೇ ಪರ್ಸೀನ್ ದೋಣಿ ಕೊಂಡರು. ಇನ್ನು ಹಲವರು ಅದರಲ್ಲಿ ಕಲಾಸಿಗಳಾದರು. ಪಾಲಿನ ಪದ್ಧತಿ ಬಲೆಯಿಂದ ಬಲೆಗೆ ದಾಟಿತು, ಆದರೆ ದಡ ದಾಟಲಿಲ್ಲ. ಊರಿನ ಮರಳದಂಡೆಯಲ್ಲಿ ಬುಟ್ಟಿ ತುಂಬಿಕೊಳ್ಳುತ್ತಿದ್ದ ಹೆಂಗಸರು ಈಗ ಮಲ್ಪೆ, ಮಂಗಳೂರಿನ ಬಂದರುಗಳ ಹರಾಜಿನಲ್ಲಿ ದೊಡ್ಡ ವ್ಯಾಪಾರಿಗಳೊಡನೆ ಪೈಪೋಟಿಗೆ ನಿಲ್ಲಬೇಕಾಯಿತು. ಮೀನುಗಾರಿಕೆಯ ಚರಿತ್ರೆಯಲ್ಲಿ ಈ ನಷ್ಟಕ್ಕೆ ದೊರೆತ ಪುಟಗಳು ತೀರ ಕಡಿಮೆ.

ಗೋವೆ ಮತ್ತು ಕೇರಳಗಳಲ್ಲಿ 1980ರಲ್ಲಿಯೇ ಸಮುದ್ರ ಮೀನುಗಾರಿಕೆಯ ನಿಯಂತ್ರಣ ಕಾನೂನುಗಳು ಬಂದಿದ್ದವು. ಕರ್ನಾಟಕದ ಅಧಿನಿಯಮ ಬಂದದ್ದು 1986ರಲ್ಲಿ, ರಂಪಣಿಯ ವೈಭವ ಮುಗಿದ ಮೇಲೆ. ಆ ಬಳಿಕ ನಾಡದೋಣಿಗಳೂ ಯಂತ್ರ ಅಳವಡಿಸಿಕೊಂಡು ಮಾಟುಬಲೆ ಹಿಡಿದವು. ಬೆಳಕು ಹಾಯಿಸಿ ಮೀನು ಸೆಳೆಯುವ ಪದ್ಧತಿಯನ್ನು ಕೇಂದ್ರ ಸರ್ಕಾರವು 2017ರಲ್ಲಿ ನಿಷೇಧಿಸಬೇಕಾಗಿ ಬಂದಿತು.

2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದ ಹಳೆಯ ಬಿಡುವನ್ನೇ ಕಾನೂನು ತನ್ನ ಭಾಷೆಯಲ್ಲಿ ಮರಳಿ ಬರೆದಂತಾಗಿದೆ. ವ್ಯತ್ಯಾಸವಿರುವುದು ಕೊನೆಯ ದಿನದಲ್ಲಿ. ಸರ್ಕಾರದ ಗಡುವು ಜುಲೈ ತಿಂಗಳಿಗೆ ಮುಗಿಯುತ್ತದೆ. ನೂಲಹುಣ್ಣಿಮೆ ಬಹುತೇಕ ವರ್ಷಗಳಲ್ಲಿ ಬರುವುದು ಆಗಸ್ಟಿನಲ್ಲಿ, ಕೆಲವೊಮ್ಮೆ ಅದರ ಕೊನೆಯ ವಾರದಲ್ಲಿ.