ಗಂಗರ ತಾಮ್ರಶಾಸನಗಳಲ್ಲಿ ಅಕ್ಕಸಾಲಿಗರ ಹೆಸರುಗಳು

ಪ್ರಾಚೀನ ಕರ್ನಾಟಕದ ಚಿನ್ನದ ಕರಂಡಕಗಳಾಗಲಿ ಆಭರಣಗಳಾಗಲಿ ತಮ್ಮನ್ನು ನಿರ್ಮಿಸಿದವರ ಹೆಸರನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಆದರೆ ಅಕ್ಕಸಾಲಿಗನ ಕೆಲಸ ಚಿನ್ನಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ತಾಮ್ರದ ಹಲಗೆಗಳ ಮೇಲೆ ದಾನಶಾಸನವನ್ನು ಕೊರೆಯುವ ಹೊಣೆಯೂ ಅವನದಾಗಿತ್ತು. ಆದುದರಿಂದ ಲೋಹಶಿಲ್ಪಿಗಳನ್ನು ಗುರುತಿಸಲು ಶಾಸನಗಳ ಅಂತ್ಯಭಾಗವೇ ಮುಖ್ಯ ಆಧಾರವಾಗಿದೆ.

ಈ ದೃಷ್ಟಿಯಿಂದ ಕೋಲಾರ ಪ್ರದೇಶವು ಗಮನಾರ್ಹವಾದುದು. ಗಂಗರು ತಮ್ಮನ್ನು ಕುವಳಾಲಪುರದ, ಎಂದರೆ ಕೋಲಾರದ, ಒಡೆಯರೆಂದು ಕರೆದುಕೊಂಡರು. ಮಾಲೂರು ತಾಲೂಕಿನ ನೊಣಮಂಗಲದಲ್ಲಿ ದೊರೆತು, ೧೯೦೫ರ ಎಪಿಗ್ರಾಫಿಯ ಕರ್ನಾಟಿಕದ ಕೋಲಾರ ಸಂಪುಟದಲ್ಲಿ ಬಿ. ಎಲ್. ರೈಸ್ ಅವರಿಂದ ಪ್ರಕಟವಾದ ಎರಡು ತಾಮ್ರಶಾಸನಗಳು ಮೂಲಸಂಘದ ಅರ್ಹದಾಯತನಗಳಿಗೆ ಮಾಧವನೂ ಅವಿನೀತನೂ ನೀಡಿದ ದಾನಗಳನ್ನು ತಿಳಿಸುತ್ತವೆ. ಮೊದಲನೆಯದರಲ್ಲಿ ವೀರದೇವಾಚಾರ್ಯರ, ಎರಡನೆಯದರಲ್ಲಿ ವಿಜಯಕೀರ್ತಿಗಳ ಉಪದೇಶವು ಉಕ್ತವಾಗಿದೆ.

ಅಕ್ಕಸಾಲಿಗನ ಸ್ಪಷ್ಟ ಪರಿಚಯವು ಪೆನುಗೊಂಡೆಯ ಮಾಧವನ ಶಾಸನದಲ್ಲಿ ದೊರೆಯುತ್ತದೆ. ಅದನ್ನು ಬರೆದವನು ಸುವರ್ಣಕಾರ ಆರ್ಯನ ಮಗ ಅಪಾಪ. ಇಲ್ಲಿ ಹೆಸರು, ತಂದೆಯ ಹೆಸರು, ವೃತ್ತಿ ಈ ಮೂರೂ ಇವೆ. ಗಂಗರ ಪ್ರಾಚೀನ ಶಾಸನಗಳಲ್ಲಿ ಹೆಚ್ಚಿನವುಗಳನ್ನು ಕೂಟವೆಂದು ತಳ್ಳಿಹಾಕಿದ್ದ ಫ್ಲೀಟ್ ಅವರೂ ಇದನ್ನು ನೈಜವೆಂದು ಒಪ್ಪಿ, ಲಿಪಿಯನ್ನು ಆಧರಿಸಿ ಕ್ರಿ. ಶ. ೪೭೫ರ ಸುಮಾರಿಗೆ ಸೇರಿಸಿದರು.

ವಿಶ್ವಕರ್ಮನ ವಿಷಯ ಇಷ್ಟು ಸುಲಭವಲ್ಲ. ಶಕ ೩೮೮ (ಕ್ರಿ. ಶ. ೪೬೬) ಎಂದು ಕಾಲ ಹೇಳುವ ಮಡಿಕೇರಿಯ ತಾಮ್ರಪಟವು ವಿಶ್ವಕರ್ಮನಿಂದ ಲಿಖಿತವಾದುದು. ಶಕ ೬೯೮ರ (ಕ್ರಿ. ಶ. ೭೭೬) ದೇವರಹಳ್ಳಿಯ ಶ್ರೀಪುರುಷನ ಶಾಸನವು ಕುಂದಾಚ್ಚಿ ಕಟ್ಟಿಸಿದ ಲೋಕತಿಲಕ ಜಿನಭವನಕ್ಕೆ ಸಂಬಂಧಿಸಿದುದು, ಅದರ ಲೇಖಕ ವಿಶ್ವಕರ್ಮಾಚಾರ್ಯನು ಸರ್ವಕಲಾಧಾರನೆಂದೂ ಚಿತ್ರಕಲಾಭಿಜ್ಞನೆಂದೂ ವರ್ಣಿತನಾಗಿದ್ದಾನೆ. ಮುನ್ನೂರ ಹತ್ತು ವರ್ಷಗಳ ಅಂತರದಲ್ಲಿ ಒಬ್ಬನೇ ವ್ಯಕ್ತಿ ಇರಲಾರನು. ಹೀಗೆ ಈ ಹೆಸರಿನ ಪುನರಾವೃತ್ತಿಯು ಫ್ಲೀಟ್ ಅವರಿಗೆ ಸಂಶಯಕಾರಣವಾಯಿತು. ಆದರೆ ವಿಶ್ವಕರ್ಮವೆಂಬುದು ಕುಲವಾಚಕವೂ ವೃತ್ತಿವಾಚಕವೂ ಆಗಬಲ್ಲ ಶಬ್ದ. ಕೇವಲ ಹೆಸರಿನ ಸಾಮ್ಯದಿಂದ ವ್ಯಕ್ತಿಯ ಐಕ್ಯವೂ ಸಿದ್ಧಿಸದು, ಶಾಸನದ ಕೂಟತ್ವವೂ ಸಿದ್ಧಿಸದು.

ಇದು ಕೇವಲ ಶಿಲ್ಪಿಯೊಬ್ಬನ ಪ್ರಶ್ನೆಯಲ್ಲ. ಮಡಿಕೇರಿಯ ಪಟದಲ್ಲಿ ಕೊಂಡಕುಂದಾನ್ವಯದ ಉಲ್ಲೇಖವಿರುವುದರಿಂದ, ಕುಂದಕುಂದಾಚಾರ್ಯರ ಕಾಲನಿರ್ಣಯಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿಯುವುದುಂಟು. ಆದರೆ ಅದೇ ಪಟದಲ್ಲಿ ರಾಷ್ಟ್ರಕೂಟರ ಬಿರುದಾದ ಅಕಾಲವರ್ಷವೆಂಬ ಹೆಸರೂ ಬರುತ್ತದೆ. ಲಿಪಿಯೂ ಐದನೆಯ ಶತಮಾನದ್ದಾಗಿ ತೋರುವುದಿಲ್ಲ. ಆದುದರಿಂದ ಅದರ ಶಕವರ್ಷವನ್ನು ಯಥಾವತ್ತಾಗಿ ಅಂಗೀಕರಿಸಲಾಗದು. ಈ ನಿರ್ಣಯಕ್ಕೆ ಬಲವಾದ ಆಧಾರ ಲಿಪಿ ಮತ್ತು ಬಿರುದು; ವಿಶ್ವಕರ್ಮನ ಹೆಸರಲ್ಲ. ಪಟದ ಪ್ರಾಚೀನತೆ ಶಿಥಿಲವಾದರೂ ಆಚಾರ್ಯರ ಪ್ರಾಚೀನತೆಗೆ ಬಾಧಕವಿಲ್ಲ. ಅದನ್ನು ಗ್ರಂಥಗಳ ಭಾಷೆ, ವ್ಯಾಖ್ಯಾನಪರಂಪರೆ ಮೊದಲಾದ ಪ್ರಮಾಣಗಳಿಂದ ಸಾಧಿಸಬೇಕು.

ಇನ್ನೊಂದು ಎಚ್ಚರಿಕೆ ಅವಶ್ಯ. ‘ಲಿಖಿತ’ವೆಂಬ ಪದವು ಎಲ್ಲೆಡೆ ಒಂದೇ ಅರ್ಥವನ್ನು ಕೊಡುವುದಿಲ್ಲ. ಪಾಠವನ್ನು ರಚಿಸಿದವನು, ಹಲಗೆಯ ಮೇಲೆ ಬರೆದವನು, ಉಳಿಯಿಂದ ಕೊರೆದವನು ಬೇರೆ ಬೇರೆಯಾಗಿರಬಹುದು. ತಾಳೆಗರಿಯ ಪ್ರತಿಯಲ್ಲಿ ಕವಿಯನ್ನೂ ಲಿಪಿಕಾರನನ್ನೂ ಒಬ್ಬನೆಂದು ಭ್ರಮಿಸಬಾರದಷ್ಟೆ. ತಾಮ್ರಪಟದಲ್ಲಿಯೂ ಅದೇ ವಿವೇಕ ಬೇಕು. ಹೆಸರಿನೊಡನೆ ತಂದೆಯ ಹೆಸರು, ವೃತ್ತಿ, ಅಕ್ಷರಗಳ ವಿನ್ಯಾಸ, ಕೊರೆತದ ರೀತಿ ಇವು ಹೊಂದಿದಾಗ ಮಾತ್ರ ಒಬ್ಬ ಶಿಲ್ಪಿಯನ್ನು ಗುರುತಿಸಿದಂತಾಗುತ್ತದೆ. ಈ ನಿಕಷದಲ್ಲಿ ಅಪಾಪನು ವ್ಯಕ್ತಿಯಾಗಿ ನಿಲ್ಲುತ್ತಾನೆ. ಮಡಿಕೇರಿಯ ವಿಶ್ವಕರ್ಮನು ಸದ್ಯಕ್ಕೆ ಹೆಸರಾಗಿ ಮಾತ್ರ ಉಳಿಯುತ್ತಾನೆ.